ಕಲ್ಲಪ್ಪ ಮೇಸ್ತ್ರಿ ಕೊಂದ ನಲವತ್ತೆಂಟು ಲಿವರುಗಳು

ಹರಿಹರದ ಕಲ್ಲಪ್ಪ ಮೇಸ್ತ್ರಿ ಮೂಗು ಮುರಿಯದ ವಸ್ತು ಆ ಊರಲ್ಲಿ ತುಂಗಭದ್ರೆ ಒಂದೇ. ಅದೂ ಹೊಳೆ ದಂಡೆ ಮುಟ್ಟಿ ಹರಿಯುವ ತಿಂಗಳುಗಳಲ್ಲಿ ಮಾತ್ರ. ಮಿಕ್ಕಂತೆ ಬಸ್ಸು ಹತ್ತಿದರೆ ಸೀಟಿನ ಬೋಲ್ಟು ನೋಡಿ ಮುರಿಯುತ್ತಿದ್ದರು, ಬೀಗರ ಮನೆಗೆ ಹೋದರೆ ಬಾಗಿಲ ತಿರುಗಣಿ ನೋಡಿ ಮುರಿಯುತ್ತಿದ್ದರು. ಗುಡಿಗೆ ಹೋದರೆ ಗಂಟೆಯ ಸರಪಳಿಗೆ ಹಾಕಿದ ಬೆಸುಗೆಯನ್ನು ಕಣ್ಣು ಕಿರಿದು ಮಾಡಿ ಪರೀಕ್ಷಿಸಿ, ಛೀ ಎಂದು, ದೇವರಿಗೆ ಕೈ ಮುಗಿಯುವುದನ್ನೇ ಮರೆತು ಹೊರಬರುತ್ತಿದ್ದರು. ದೇವರೂ ಇದನ್ನು ಮನಸ್ಸಿಗೆ ಹಚ್ಚಿಕೊಂಡಂತಿರಲಿಲ್ಲ. ಆ ಬೆಸುಗೆಯ ವಿಷಯ ಅವನಿಗೂ ಗೊತ್ತಿದ್ದಿರಬೇಕು.

ಊರಿಗೆಲ್ಲ ಅನ್ನ ಹಾಕಿದ ಹಳೆಯ ಕಾರ್ಖಾನೆಯೊಂದರಲ್ಲಿ ಅಚ್ಚು, ಹತ್ಯಾರು ಮಾಡುವ ಟೂಲ್ ರೂಮಿನಲ್ಲಿ ಮೇಸ್ತ್ರಿ ಇಪ್ಪತ್ತೆರಡು ವರ್ಷ ದುಡಿದವರು. ಆಮೇಲೆ ಸ್ವಂತದ್ದೊಂದು ವರ್ಕ್‌ಶಾಪು: ತಗಡಿನ ಸೂರು, ಒಂದು ಲೇತು, ಒಂದು ಮಿಲ್ಲಿಂಗ್ ಮಶೀನು, ಮತ್ತು ಬಂದವರು ಕೂತುಕೊಳ್ಳದಂತೆ ಬೇಕೆಂದೇ ಕಾಲು ಮುರಿದಿಟ್ಟ ಒಂದು ಸ್ಟೂಲು. ಅಲ್ಲಿನದೂ ಇಲ್ಲಿನದೂ ಸೇರಿ ನಲವತ್ತೊಂದು ವರ್ಷದಲ್ಲಿ ತಮ್ಮ ಕೈಯಿಂದ ಒಂದೇ ಒಂದು ತಪ್ಪು ಆಗಿಲ್ಲ ಎಂಬುದು ಅವರ ಸ್ವಯಾರ್ಜಿತ ಆಸ್ತಿ. ಹಾಗಂತ ಅವರು ಮಾಡಿದ ಮಾಲೆಲ್ಲ ಸರಿಯಾಗಿ ಕೂತಿತ್ತು ಎಂದಲ್ಲ. ಕೂರದಿದ್ದಾಗ ಎದುರಿನ ಮಾಲು ತಪ್ಪಿರುತ್ತಿತ್ತು, ಇಲ್ಲವೇ ಡ್ರಾಯಿಂಗು ತಪ್ಪಿರುತ್ತಿತ್ತು. ಒಮ್ಮೆಯಂತೂ ಬೇಸಿಗೆಯೇ ತಪ್ಪಿತ್ತು.

"ಈ ಮನ್ಯಾಗ ಅಳತೆಗೆ ಸರಿ ಇರೋರು ನೀವೊಬ್ರೇ ನೋಡ್ರಿ," ಎಂದು ಹೆಂಡತಿ ಭೀಮವ್ವ ರೊಟ್ಟಿ ತಟ್ಟುತ್ತ ಹೇಳುತ್ತಿದ್ದರು. "ನಾವೆಲ್ಲ ಗುಜರಿಗೆ ಹಾಕೋ ಮಾಲು."

ಮೇಸ್ತ್ರಿ ಅದನ್ನು ಹೊಗಳಿಕೆಯೆಂದೇ ತಿಳಿದು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದರು.

ಇಂಥವರ ಎದುರಿಗೆ ಒಂದು ಮಧ್ಯಾಹ್ನ ತನುಶ್ರೀ ಬಂದು ನಿಂತಳು. ಶಾಮನೂರಿನ ಹುಡುಗಿ; ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಮಾಡಿಕೊಂಡು, ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಡಾಕ್ಟರ್ ಕೊಟ್ಟೂರೇಶ್ ಎಂಬವರು ಮಹಡಿ ಮೇಲೆ ನಡೆಸುತ್ತಿದ್ದ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಬ್ಯಾಗಿನಿಂದ ಡ್ರಾಯಿಂಗು ತೆಗೆದು ಮೇಜಿನ ಮೇಲೆ ಹರವಿದಳು.

"ಅಂಕಲ್, ಇದರದ್ದೊಂದು ಅಚ್ಚು ಬೇಕಾಗಿತ್ತು."

"ಅಂಕಲ್ ಅನ್ನೋರು ಬೇಕರಿ ಇಟ್ಕಂಡಿರ್ತಾರೆ. ಇಲ್ಲಿ ಮೇಸ್ತ್ರಿ ಅಂತಾರೆ."

"ಆತ್ರಿ ಮೇಸ್ತ್ರಿ. ಈ ಉಬ್ಬು ಗೀಟು ಐತಲ್ರಿ, ಇದು ಎರಡು ಮೂರು ಕೂದ್ಲಿನಷ್ಟು ಅಗಲ ಬರಬೇಕು."

"ಯಾರ ಕೂದ್ಲು?"

ತನುಶ್ರೀ ಜಡೆ ಮುಟ್ಟಿ ನೋಡಿಕೊಂಡಳು.

"ನಿಂದು ಎಪ್ಪತ್ತು ಮೈಕ್ರಾನ್ ಇದ್ದೀತು. ನಂದು ಸವದು ಐವತ್ತಕ್ಕೆ ಬಂದೈತೆ. ಕೂದ್ಲ ಲೆಕ್ಕ ಕಟಿಂಗ್ ಶಾಪ್‌ನಾಗ ಹೇಳು, ಇಲ್ಲಿ ಮೈಕ್ರಾನ್ ಹೇಳು."

"ಇನ್ನೂರು ಮೈಕ್ರಾನ್ ರೀ."

"ಹಂಗ್ ಬಾ ದಾರಿಗೆ. ಏನ್ ಮಾಡ್ತೀರಿ ಇದನ್ನ?"

"ಲಿವರ್ ಮಾಡ್ತೀವ್ರಿ."

ಮೇಸ್ತ್ರಿ ಕನ್ನಡಕ ತೆಗೆದು ಒರೆಸಿಕೊಂಡರು. ನೀರೆತ್ತುವ ಪಂಪಿಗೆ, ನೂಲಿನ ಗಿರಣಿಗೆ, ಕಬ್ಬಿನ ಗಾಣಕ್ಕೆ, ಮಂಡಕ್ಕಿ ಭಟ್ಟಿಗೆ ಅವರು ಮಾಲು ಮಾಡಿಕೊಟ್ಟದ್ದುಂಟು. ಲಿವರಿಗೆ ಈವರೆಗೆ ಯಾರೂ ಕೇಳಿರಲಿಲ್ಲ. ಆದರೆ ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ಅವರಿಗಿರಲಿಲ್ಲ. "ಹೇಳು, ಹೇಳು, ಹೆಂಗೆ ಮಾಡ್ತೀರಿ ನೋಡೋಣ," ಎಂದು ಪರೀಕ್ಷಕರಂತೆ ಗದ್ದಕ್ಕೆ ಕೈ ಕೊಟ್ಟರು.

"ಪೂರ್ತಿ ಲಿವರ್ ಅಲ್ರಿ, ಚೂರು. ಈ ಅಚ್ಚಿನ ಮೇಲೆ ಸಿಲಿಕೋನ್ ರಬ್ಬರ್ ಹೊಯ್ತೀವಿ. ಗಟ್ಟಿ ಆದ್ಮೇಲೆ ಸುಲಿದು ಗಾಜಿಗೆ ಅಂಟಿಸ್ತೀವಿ. ಉಬ್ಬು ಗೀಟು ಇದ್ದಲ್ಲಿ ಸಣ್ಣದೊಂದು ಕಾಲುವೆ ಆಗ್ತೈತೆ. ಅದಕ್ಕೆ ಚಿಪ್ ಅಂತೀವಿ. ಕಾಲುವೆದಾಗ ಮನುಷ್ಯರ ಲಿವರಿನ ಜೀವಕೋಶ ಇಟ್ಟು, ಸಣ್ಣ ಪಂಪಿನಿಂದ ಊಟ ಹರಸ್ತೀವಿ. ಹೊಟ್ಟ್ಯಾಗ ಇದ್ದಂಗೇ ಬದುಕ್ತಾವೆ. ಆಮೇಲೆ ಹೊಸ ಔಷಧಿ ಬಿಟ್ಟು ನೋಡೋದು. ಇವು ಸತ್ರೆ ಆ ಔಷಧಿ ಮನುಷ್ಯರಿಗೆ ಕೊಡೋ ಹಂಗಿಲ್ಲ."

"ಅಂದ್ರೆ ಭದ್ರಾ ನಾಲೆ."

"ಹ್ಞೂಂ ರೀ, ಅದೇ."

"ಕೊನೇ ಭಾಗದೋರಿಗೆ ನೀರು ಮುಟ್ಟಬೇಕು."

"ಅದೇ ಕಷ್ಟ ರೀ ಮೇಸ್ತ್ರಿ."

ನಾಲೆಯ ಹೋಲಿಕೆ ತಾವೇ ಕಂಡುಹಿಡಿದದ್ದಾದ್ದರಿಂದ ಅಲ್ಲಿಂದ ಮುಂದೆ ಆ ವಿಜ್ಞಾನದಲ್ಲಿ ತಮಗೆ ತಿಳಿಯದ್ದೇನೂ ಉಳಿದಿಲ್ಲವೆಂದು ಮೇಸ್ತ್ರಿ ತೀರ್ಮಾನಿಸಿದರು. ಡ್ರಾಯಿಂಗಿನಲ್ಲಿ ಅಲ್ಯುಮಿನಿಯಂ ಎಂದು ಬರೆದಿತ್ತು. ಅಲ್ಯುಮಿನಿಯಂ ಕುಕ್ಕರ್ ಮಾಡುವವರ ಲೋಹ ಎಂದು ಗೊಣಗುತ್ತಲೇ ಹನ್ನೆರಡು ದಿನದಲ್ಲಿ ಅಚ್ಚು ಕೊರೆದು ಕೊಟ್ಟರು. ಒಂದು ಎರಕಕ್ಕೆ ಹದಿನಾರು ಚಿಪ್ಪು. ಮೊದಲ ಎರಕದ ಹದಿನಾರೂ ಲಿವರುಗಳು ಹದಿನಾಲ್ಕು ದಿನ ಬದುಕಿದವು.

ಡಾಕ್ಟರ್ ಕೊಟ್ಟೂರೇಶ್ ಅವರಿಗೆ ಇಷ್ಟೇ ಸಾಕಾಗಿತ್ತು. ಇವರು ಅಕ್ಕಿ ಮಂಡಿಯ ಮನೆತನದವರು. ಅಪ್ಪ ಚೀಲ ಎಣಿಸಿದಂತೆ ಮಗ ಸನ್ಮಾನಗಳನ್ನು ಎಣಿಸುತ್ತಿದ್ದರು. ಹೆಸರಿನ ಹಿಂದೆ ಡಾಕ್ಟರ್ ಇತ್ತು, ಮುಂದೆ ನಾಲ್ಕು ಪದವಿ ಇದ್ದವು, ನಡುವೆ ಹೆಸರು ಸ್ವಲ್ಪ ಇಕ್ಕಟ್ಟಿನಲ್ಲಿ ಕೂತಿತ್ತು. ಬಡಾವಣೆಯ ತಿರುವಿನಲ್ಲಿ ಒಂದು ಫ್ಲೆಕ್ಸ್ ಎದ್ದಿತು. ಅದರಲ್ಲಿ ಡಾಕ್ಟರ ತಲೆ ಎಮ್ಮೆಯ ತಲೆಯಷ್ಟು ದೊಡ್ಡದಾಗಿಯೂ, ಅವರು ಬೆರಳಲ್ಲಿ ಹಿಡಿದ ಚಿಪ್ಪು ಇದೆಯೋ ಇಲ್ಲವೋ ಎಂಬಷ್ಟು ಸಣ್ಣದಾಗಿಯೂ ಇದ್ದವು. ಸಮಾರಂಭವೂ ನಡೆಯಿತು. ಮೇಸ್ತ್ರಿಯನ್ನು ಕರೆದು ಆರನೆಯ ಸಾಲಿನಲ್ಲಿ ಕೂರಿಸಿದ್ದರು. ಡಾಕ್ಟರು ಭಾಷಣದಲ್ಲಿ ತಮ್ಮ ಗುರುಗಳನ್ನು, ತಾಯಿಯನ್ನು, ಶಾಮಿಯಾನದವರನ್ನು ನೆನೆದರು. ಅಚ್ಚಿನ ಮಾತು ಬಂದಾಗ "ಹೊರಗಿನಿಂದ ತರಿಸಿದ್ದು" ಎಂದು ಹೇಳಿ ಮುಂದಕ್ಕೆ ಹೋದರು.

"ಹರಿಹರ ಹೊರಗೇ ಐತಲ್ಲ, ಸುಳ್ಳೇನ್ ಹೇಳ್ಲಿಲ್ಲ," ಎಂದು ಮೇಸ್ತ್ರಿ ಪಕ್ಕದವನಿಗೆ ಹೇಳಿದರು. ಪಕ್ಕದವನು ಶಾಮಿಯಾನದವನು. ಅವನು ಮಾತ್ರ ಆ ಹೊತ್ತು ತೃಪ್ತನಾಗಿದ್ದ.

ಆ ಸಂಜೆಯೇ ಮೇಸ್ತ್ರಿ ಒಂದು ನಿರ್ಧಾರಕ್ಕೆ ಬಂದರು. ಕುಕ್ಕರಿನ ಲೋಹದಲ್ಲಿ ಮಾಡಿದ್ದಕ್ಕೇ ತಮ್ಮ ಹೆಸರು ಹೊರಬಿದ್ದಿಲ್ಲ. ಉಕ್ಕಿನಲ್ಲಿ ಮಾಡಿದರೆ ಯಾರು ಮುಚ್ಚಿಡುತ್ತಾರೆ ನೋಡೋಣ! ಯಾರೂ ಕೇಳದೆಯೇ, ಒಳ್ಳೆಯ ಟೂಲ್ ಸ್ಟೀಲಿನಲ್ಲಿ, ಇಪ್ಪತ್ತಾರು ದಿನ ಕೂತು ಎರಡನೆಯ ಅಚ್ಚು ಮಾಡಿದರು. ಅದರ ಮೈ ಹೇಗೆ ಹೊಳೆಯುತ್ತಿತ್ತೆಂದರೆ ಭೀಮವ್ವ ಅದರಲ್ಲಿ ನೋಡಿಕೊಂಡು ಕುಂಕುಮ ಸರಿ ಮಾಡಿಕೊಂಡರು. ಡಾಕ್ಟರು ಅದನ್ನು ಕಂಡು, ಇದು ನೋಡುವುದಕ್ಕೂ ಹೊರಗಿನಿಂದ ತರಿಸಿದಂತೆಯೇ ಇದೆಯೆಂದು ಸಂತೋಷಪಟ್ಟರು. ಅಲ್ಯುಮಿನಿಯಂ ಅಚ್ಚು ಬೀರುವಿನ ತಳ ಸೇರಿತು.

ಅಷ್ಟರಲ್ಲಿ ಹೈದರಾಬಾದಿನ ಒಂದು ಔಷಧಿ ಕಂಪನಿ ಮುಂದೆ ಬಂತು. ತಮ್ಮ ಹೊಸ ಮಾತ್ರೆಗಳನ್ನು ಈ ಚಿಪ್ಪುಗಳ ಮೇಲೆ ಪರೀಕ್ಷೆ ಮಾಡಿಸಲು ಅವರು ತಯಾರು. ಆದರೆ ಔಷಧಿ ಬಿಡುವ ಮೊದಲು ಮೂರು ಎರಕದ ಲಿವರುಗಳು ಸುಮ್ಮನೆ ಹದಿನಾಲ್ಕು ದಿನ ಬದುಕಿ ತೋರಿಸಬೇಕು. ಈ ಕೆಲಸ ತನುಶ್ರೀಯ ಹೆಗಲಿಗೆ ಬಿತ್ತು. ಅವಳದ್ದು ವರ್ಷ ವರ್ಷಕ್ಕೆ ಮುಂದುವರಿಸುವ ನೌಕರಿ. ಆನಗೋಡಿನಲ್ಲಿ ಒಂದು ಗಂಡು ನೋಡಿಟ್ಟಿದ್ದ ಅವಳ ತಾಯಿ, "ಕೆಲ್ಸ ಇರೋ ಮಟ ನಿನ್ನಿಷ್ಟ, ಕೆಲ್ಸ ಹೋದ್ರೆ ನನ್ನಿಷ್ಟ" ಎಂದು ಕರಾರು ಮಾಡಿಕೊಂಡಿದ್ದರು. ಆ ಗಂಡು ಫೋನಿನಲ್ಲಿ ಮೊದಲ ಸಲ ಮಾತಾಡಿದಾಗಲೇ, "ಈ ಲಿವರ್ ಗಿವರ್ ಎಲ್ಲ ಮದ್ವಿ ಆದ್ಮೇಲೆ ಬ್ಯಾಡ" ಎಂದಿದ್ದ. ಹಾಗಾಗಿ ಆ ಚೂರು ಲಿವರುಗಳು ಬದುಕುವುದು ಕಂಪನಿಗಿಂತ ತನುಶ್ರೀಗೆ ಹೆಚ್ಚು ಬೇಕಾಗಿತ್ತು.

ಮೊದಲ ಹದಿನಾರು ಮೂರನೆಯ ದಿನ ಸತ್ತವು.

ಸತ್ತದ್ದು ಹೇಗೆಂಬುದು ಓದುಗರಿಗೆ ಈಗಲೇ ಗೊತ್ತಾಗಿಬಿಡಲಿ. ಮೇಸ್ತ್ರಿಗೆ ಗೊತ್ತಾಗುವುದು ತಡ.

ಮೇಸ್ತ್ರಿಯ ವರ್ಕ್‌ಶಾಪಿಗೆ ಮಂಗಳವಾರ ರಜೆ. ಉಕ್ಕಿನ ಅಚ್ಚು ಕೊಟ್ಟ ಮೇಲೆ ಅವರು ಪ್ರತಿ ಮಂಗಳವಾರ ಬಸ್ಸು ಹತ್ತಿ ದಾವಣಗೆರೆಗೆ ಹೋಗಿ ಅದನ್ನು ನೋಡಿ ಬರಲು ಶುರುಮಾಡಿದ್ದರು, ಮಗಳನ್ನು ಕೊಟ್ಟ ಮನೆಗೆ ಹೋಗಿಬರುವಂತೆ. ಬಾಗಿಲಲ್ಲಿ ತಲೆಗೆ ಟೋಪಿ, ಕಾಲಿಗೆ ಚೀಲ ಹಾಕಿಕೊಳ್ಳಬೇಕು. "ಏನ್ ಲಿವರ್‌ಗೆ ಸೀತ ಆಗ್ತೈತಾ?" ಎನ್ನುತ್ತ ಹಾಕಿಕೊಳ್ಳುತ್ತಿದ್ದರು. ಎರಕದ ದಿನವೂ ಮಂಗಳವಾರವೇ. ತನುಶ್ರೀ ಅಂದು ಬೆಳಿಗ್ಗೆ ಅಚ್ಚನ್ನು ಸೋಪಿನಲ್ಲಿ, ಆಮೇಲೆ ಸ್ಪಿರಿಟ್ಟಿನಲ್ಲಿ ತೊಳೆದು, ಒಣಗಿಸಿ, ಗಾಜಿನ ಡಬ್ಬಿಯಲ್ಲಿಟ್ಟು ಊಟಕ್ಕೆ ಹೋಗುವಳು. ಮಧ್ಯಾಹ್ನ ಬಂದು ರಬ್ಬರ್ ಹೊಯ್ಯುವಳು. ಅವಳು ಊಟಕ್ಕೆ ಹೋದ ಹೊತ್ತಿಗೇ ಮೇಸ್ತ್ರಿ ಆ ಕೋಣೆಯಲ್ಲಿ ಒಬ್ಬರೇ ಉಳಿಯುತ್ತಿದ್ದರು. ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ತಮ್ಮ ಇಪ್ಪತ್ತಾರು ದಿನದ ಬೆವರು ಎಣ್ಣೆ ಕಾಣದೆ ಒಣಗಿ ಬಿದ್ದಿದೆ!

ಟೂಲ್ ರೂಮಿನವರಿಗೆ ಉಕ್ಕನ್ನು ಎಣ್ಣೆಯಿಲ್ಲದೆ ಬಿಡುವುದೆಂದರೆ ಕೂಸನ್ನು ಬಿಸಿಲಿಗೆ ಹಾಕಿದ ಹಾಗೆ. ಕೆಲಸ ಮುಗಿದ ಮಾಲಿಗೆ ತುಕ್ಕು ತಡೆಯುವ ಎಣ್ಣೆ ಸವರಿಯೇ ಕೈಬಿಡಬೇಕು. ಇದು ಅವರ ಮೊದಲ ಪಾಠ. ಕಾರ್ಖಾನೆಯಲ್ಲಿ ಎಣ್ಣೆ ಹಚ್ಚದೆ ಮನೆಗೆ ಹೋದವನನ್ನು ಮಾರನೆಯ ದಿನ ಗೇಟಿನಿಂದಲೇ ವಾಪಸು ಕಳಿಸುತ್ತಿದ್ದರು. "ಎಂ.ಎಸ್ಸಿ. ಓದ್ಯಾವಂತೆ! ಉಕ್ಕಿನ ಮರ್ಯಾದೆ ಗೊತ್ತಿಲ್ಲ ಇವಕ್ಕೆ," ಎಂದು ಮೇಸ್ತ್ರಿ ಜೇಬಿನಿಂದ ಸಣ್ಣ ಶೀಶೆ, ಸಣ್ಣ ಕುಂಚ ತೆಗೆದು ತೆಳ್ಳಗೆ, ಕಣ್ಣಿಗೆ ಕಾಣದಷ್ಟು ತೆಳ್ಳಗೆ, ಸವರಿ ಮುಚ್ಚಿಡುತ್ತಿದ್ದರು. ಹೇಳಿದರೆ ಹುಡುಗಿ ನೊಂದುಕೊಂಡಾಳು ಎಂದು ಹೇಳಲೂ ಇಲ್ಲ. ಅವರ ಜೀವನದಲ್ಲಿ ಅದೊಂದೇ ಸಲ ಅವರು ಇನ್ನೊಬ್ಬರ ತಪ್ಪನ್ನು ಬಾಯಿ ಬಿಡದೆ ತಿದ್ದಿದ್ದು. ಅದರ ಫಲ ನೋಡಿ.

ಎರಡನೆಯ ಹದಿನಾರೂ ಸತ್ತವು. ತನುಶ್ರೀ ನೀರು ಬದಲಿಸಿದಳು, ಕೈಗವಸು ಬದಲಿಸಿದಳು, ಜೀವಕೋಶಗಳನ್ನು ಹೊಸದಾಗಿ ತರಿಸಿದಳು. ಮೂರನೆಯ ಹದಿನಾರೂ ಹೋದವು.

ಒಂದೊಂದು ಸಾವಿಗೂ ಡಾಕ್ಟರು ಎತ್ತರದ ದನಿಯಲ್ಲಿ ಮರುಗಿದರು. ತಾವು ಆ ಕೋಣೆಗೆ ಕಾಲಿಟ್ಟು ಎರಡು ತಿಂಗಳಾಗಿತ್ತು ಎಂಬುದು ಬೇರೆ ಮಾತು. "ಕೈಗುಣ ಬೇಕಮ್ಮಾ, ಕೈಗುಣ! ಇದು ಅಡಿಗೆ ಅಲ್ಲ, ಯಕೃತ್ತು," ಎಂದು ಹೇಳಿ, ಶುಕ್ರವಾರ ಕಂಪನಿಯ ಆಶಾರಾಣಿ ಮೇಡಂ ಬರುತ್ತಾರೆಂದೂ, ಟೆಕ್ನಿಷಿಯನ್ ತಪ್ಪಿನಿಂದ ಹೀಗಾಯಿತು, ಅವಳನ್ನು ಬಿಡಿಸಿ ಬೇರೆಯವರನ್ನು ತೆಗೆದುಕೊಳ್ಳುತ್ತೇವೆಂದು ಅವರಿಗೆ ತಿಳಿಸುವುದಾಗಿಯೂ ಹೇಳಿದರು.

ಅದು ಮಂಗಳವಾರ. ಮೇಸ್ತ್ರಿ ಟೋಪಿ ಹಾಕಿಕೊಂಡು ಒಳಗೆ ಬಂದಾಗ ತನುಶ್ರೀ ಊಟಕ್ಕೆ ಹೋಗದೆ ಕಿಟಕಿಯ ಹತ್ತಿರ ಕೂತಿದ್ದಳು. ಅಳುವ ಜಾತಿಯ ಹುಡುಗಿ ಅಲ್ಲ. ಪಟ್ಟಿ ಮಾಡುವ ಜಾತಿ. ಎದುರಿಗೆ ಒಂದು ನೋಟ್‌ಬುಕ್ಕು, ಅದರಲ್ಲಿ ಲಿವರಿಗೆ ಸಾವು ತರಬಹುದಾದ ಮೂವತ್ತೊಂದು ಕಾರಣಗಳು, ಮೂವತ್ತೊಂದಕ್ಕೂ ಅಡ್ಡಗೆರೆ.

"ಯಾಕವ್ವ, ಮುಖ ಹಿಂಗ್ಯಾಕ ಮಾಡ್ಕಂಡಿ?"

ಅವಳು ಎಲ್ಲವನ್ನೂ ಹೇಳಿದಳು. ಶುಕ್ರವಾರದ್ದನ್ನೂ, ಆನಗೋಡಿನ ಗಂಡಿನದ್ದನ್ನೂ.

"ನಿಮ್ ಡಾಕ್ಟ್ರಿಗೆ ತಲಿ ಇಲ್ಲ," ಎಂದರು ಮೇಸ್ತ್ರಿ.

"ಫ್ಲೆಕ್ಸ್‌ನಾಗ ಐತಲ್ರಿ." ತನುಶ್ರೀ ನಗಲು ನೋಡಿ, ಆಗದೆ, ಎರಡು ಚಿಪ್ಪು ಮುಂದಿಟ್ಟಳು. "ಇದು ಹಳೇದು, ಅಲ್ಯುಮಿನಿಯಂ ಅಚ್ಚಿಂದು, ಹೆಂಗೆ ಬದುಕಿದ್ವು ಫೋಟೋ ಐತೆ. ಇದು ಮೊನ್ನೆದು. ನೀವೇ ನೋಡ್ರಿ, ಒಂದು ದೂಳು ಕಾಣ್ತೈತಾ?"

ಮೇಸ್ತ್ರಿ ಮೊನ್ನೆಯ ಚಿಪ್ಪನ್ನು ಬೆರಳ ತುದಿಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ವಾರೆ ಮಾಡಿದರು. ಕೂದಲೆಳೆಯಂಥ ಕಾಲುವೆಯ ಉದ್ದಕ್ಕೂ ನೀಲಿಗೆ, ನೇರಳೆಗೆ ತಿರುಗುವ ಒಂದು ಪೊರೆ ಮಿನುಗಿ ಮಾಯವಾಯಿತು. ಮತ್ತೆ ವಾರೆ ಮಾಡಿದರು. ಮತ್ತೆ ಮಿನುಗಿತು.

"ಅದು ರಬ್ಬರಿನ ಹೊಳಪು ರೀ," ಎಂದಳು ತನುಶ್ರೀ.

ರಬ್ಬರಿನ ಹೊಳಪಲ್ಲ. ಲೇತಿನ ಕೆಳಗಿನ ತಟ್ಟೆಯ ನೀರಿನ ಮೇಲೆ, ಮಳೆಗಾಲದಲ್ಲಿ ವರ್ಕ್‌ಶಾಪಿನ ಎದುರಿನ ಗುಂಡಿಯ ಮೇಲೆ, ನಲವತ್ತೊಂದು ವರ್ಷ ದಿನಾ ನೋಡಿದ ಬಣ್ಣ ಅದು. ಈ ಕಟ್ಟಡದಲ್ಲಿ ಎಷ್ಟೋ ಪದವಿಗಳಿದ್ದವು; ಅದೇನೆಂದು ಹೇಳಬಲ್ಲ ಕಣ್ಣು ಒಂದೇ ಜೊತೆ ಇತ್ತು. ಆ ಕಣ್ಣಿನ ಯಜಮಾನರು ಚಿಪ್ಪನ್ನು ಮೆಲ್ಲಗೆ ಕೆಳಗಿಟ್ಟು, "ಬಸ್ಸಿಗೆ ಹೊತ್ತಾತು," ಎಂದು ಎದ್ದರು. ಕಾಲಿನ ಚೀಲ ಬಿಚ್ಚುವುದನ್ನು ಮರೆತು ಬಸ್ ಸ್ಟ್ಯಾಂಡಿನವರೆಗೂ ಹಾಗೇ ನಡೆದರು.

ಬಸ್ಸಿನಲ್ಲಿ ಅವರು ತಪ್ಪಿತಸ್ಥರನ್ನು ಹುಡುಕಲು ಕೂತರು. ಅಭ್ಯಾಸಬಲದಿಂದ ಮೊದಲು ಡ್ರಾಯಿಂಗು ನೆನಪಾಯಿತು. ಅದರಲ್ಲಿ ಎಣ್ಣೆ ಹಚ್ಚಬೇಡಿ ಎಂದು ಎಲ್ಲಿ ಬರೆದಿತ್ತು? ಆಮೇಲೆ ಎಣ್ಣೆ ಮಾಡಿದ ಕಂಪನಿ. ಶೀಶೆಯ ಮೇಲೆ ಲಿವರಿನ ವಿಷಯ ಒಂದಕ್ಷರ ಇಲ್ಲ. ಆಮೇಲೆ ಲಿವರುಗಳು, ಮೂರು ಹನಿ ಎಣ್ಣೆ ತಡೆಯಲಾರದವು ಔಷಧಿ ಏನು ತಡೆದಾವು? ಹರಿಹರ ಬರುವುದರೊಳಗೆ ತುಂಗಭದ್ರೆಯೊಂದನ್ನು ಬಿಟ್ಟು ಮಿಕ್ಕವರೆಲ್ಲರ ವಿಚಾರಣೆ ಮುಗಿದಿತ್ತು. ಯಾಕೋ ಒಬ್ಬರ ಮೇಲೂ ತಪ್ಪು ನಿಲ್ಲಲಿಲ್ಲ.

ಸಂಜೆ ತಟ್ಟೆಯಲ್ಲಿ ರೊಟ್ಟಿ ಹಾಗೇ ಉಳಿಯಿತು.

"ಯಾಕ್ರಿ, ಪಲ್ಯ ಕೆಟ್ಟೈತಾ? ಇಲ್ಲ ರೊಟ್ಟಿ ಗುಂಡಗಿಲ್ಲ?" ಎಂದರು ಭೀಮವ್ವ.

"ಆ ಹುಡ್ಗಿ ಕೆಲ್ಸ ಹೋಗ್ತೈತೆ."

"ಅಯ್ಯೋ, ಏನ್ ತಪ್ಪು ಮಾಡ್ತಂತೆ?"

"ಏನೂ ಮಾಡಿಲ್ಲ." ಮೇಸ್ತ್ರಿ ನೀರು ಕುಡಿದರು. "ಎಣ್ಣಿ ನಾ ಹಚ್ಚಿದ್ದೆ."

ಭೀಮವ್ವಗೆ ಎಣ್ಣೆಯ ಕಥೆ ಪೂರ್ತಿ ಕೇಳಬೇಕಾಗಲಿಲ್ಲ. ಗಂಡ ಇಂಥ ವಾಕ್ಯವನ್ನು ಈ ಮನೆಯಲ್ಲಿ ಮೊದಲ ಸಲ ಆಡಿದ್ದನ್ನು ಅವರು ಗುರುತಿಸಿದ್ದರು. "ಹಂಗಾರೆ ಹೋಗಿ ಹೇಳ್ರಿ."

"ನಲವತ್ತೊಂದು ವರ್ಷ ಭೀಮವ್ವ! ಒಂದು ತಪ್ಪಿಲ್ಲ."

"ಹೌದ್ರಿ. ಅಡಿಗಿಮನಿ ನಲ್ಲಿ ನೀವೇ ಕೂಡ್ಸಿದ್ದು. ಹದಿನಾರು ವರ್ಷದಿಂದ ಎಡಕ್ಕೆ ಸೋರ್ತೈತೆ."

"ಅದು ವಾಷರ್ ತಪ್ಪು."

"ಹ್ಞೂಂ. ಹಂಗೇ ಆ ಹುಡ್ಗಿ ಮದ್ವಿಗೂ ಹೋಗಿ ಅಕ್ಕಿಕಾಳು ಹಾಕಿ ಬರ್ರಿ. ಊಟ ಮಾಡ್ರಿ ಈಗ."

ಮೇಸ್ತ್ರಿ ಊಟ ಮಾಡಲಿಲ್ಲ. ಬುಧವಾರ, ಗುರುವಾರ ವರ್ಕ್‌ಶಾಪಿನಲ್ಲಿ ಬಂದವರಿಗೆಲ್ಲ ಬೈದು, ಶುಕ್ರವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್ಸು ಹತ್ತಿದರು. ಏನು ಹೇಳಬೇಕೆಂದು ಮಾತ್ರ ತೀರ್ಮಾನವಾಗಿರಲಿಲ್ಲ. ಡಾಕ್ಟರನ್ನು ಪಕ್ಕಕ್ಕೆ ಕರೆದು, "ಅಚ್ಚು ಇನ್ನೊಮ್ಮೆ ಚೆನ್ನಾಗಿ ತೊಳಸ್ರಿ" ಎಂದಷ್ಟೇ ಹೇಳಿ, ಕಾರಣ ಹೇಳದೆ ಜಾರಿಕೊಳ್ಳುವ ದಾರಿಯೊಂದು ಅವರ ಮನಸ್ಸಿನಲ್ಲಿ ಸುಳಿದಾಡುತ್ತಿತ್ತು. ಲಿವರು ಬದುಕುತ್ತವೆ, ಹೆಸರೂ ಬದುಕುತ್ತದೆ. ಹುಡುಗಿಯ ಕೆಲಸ ಮಾತ್ರ ಆ ಲೆಕ್ಕದಲ್ಲಿ ಹೊರಗುಳಿಯುತ್ತಿತ್ತು. ಅಲ್ಲಿಗೆ ಬಂದಾಗೆಲ್ಲ ಮೇಸ್ತ್ರಿ ಕಿಟಕಿಯಾಚೆ ನೋಡುತ್ತಿದ್ದರು.

ಡಾಕ್ಟರ ಕೋಣೆಯಲ್ಲಿ ಆಶಾರಾಣಿ ಮೇಡಂ ಕೂತಿದ್ದರು. ಬಳ್ಳಾರಿ ಕಡೆಯವರಂತೆ, ಕನ್ನಡ ಚೆನ್ನಾಗಿತ್ತು; ಮಾತು ಕಡಿಮೆ. ತನುಶ್ರೀ ನೋಟ್‌ಬುಕ್ಕು ಎದೆಗವಚಿಕೊಂಡು ಗೋಡೆಗೆ ನಿಂತಿದ್ದಳು. ಡಾಕ್ಟರು, "ನಮ್ಮ ಟೆಕ್ನಿಷಿಯನ್ ಕಡೆಯಿಂದ ಆದ ಅಚಾತುರ್ಯ, ವೆರಿ ಅನ್‌ಫಾರ್ಚುನೇಟ್," ಎನ್ನುತ್ತಿದ್ದಾಗ ಮೇಸ್ತ್ರಿ ಬಾಗಿಲಲ್ಲಿ ಕಾಣಿಸಿಕೊಂಡರು. ಹೊರಗಿನಿಂದ ತರಿಸಿದ್ದೆಂಬ ಅಚ್ಚಿನ ಗುಟ್ಟು ಹರಿಹರದ ಬಸ್ಸಿಳಿದು ಹೀಗೆ ನಡೆದುಬಂದದ್ದು ನೋಡಿ ಡಾಕ್ಟರಿಗೆ ಬೆವರೊಡೆಯಿತು.

"ಇವರು ಯಾರು?" ಎಂದರು ಆಶಾರಾಣಿ.

"ಇವರಾ? ಇವರು ನಮ್ಮ ಪ್ಲಂಬರ್," ಎಂದರು ಡಾಕ್ಟರು. "ಆಮೇಲೆ ಬಾರಪ್ಪ, ನಲ್ಲಿ ಆಮೇಲೆ ನೋಡೋಣ."

ಮೇಸ್ತ್ರಿಯನ್ನು ನಲವತ್ತೊಂದು ವರ್ಷದಲ್ಲಿ ಜನ ಏನೇನೋ ಅಂದಿದ್ದರು: ಕೊಬ್ಬು, ತಲೆಹರಟೆ, ಮೊಂಡ. ಪ್ಲಂಬರ್ ಎಂದು ಯಾರೂ ಅಂದಿರಲಿಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಜಾಣತನವೆಲ್ಲ ಆ ಒಂದು ಮಾತಿಗೆ ಕುಸಿದುಬಿತ್ತು.

"ಯಾವನ್ರೀ ಪ್ಲಂಬರ್? ಆ ಅಚ್ಚು ಕೊರದೋನು ನಾನು! ಹರಿಹರದ ಟೂಲ್ ರೂಮ್ ಕಲ್ಲಪ್ಪ! ನಿಮ್ ನಲವತ್ತೆಂಟು ಲಿವರ್ ಕೊಂದೋನೂ ನಾನೇ!"

ಮೇಸ್ತ್ರಿಗೂ ಆ ಕೊನೆಯ ಮಾತು ಹೊರಬಿದ್ದದ್ದು ಕೇಳಿದ ಮೇಲೆಯೇ ಗೊತ್ತಾಗಿದ್ದು. ಇನ್ನು ಒಳಗೆ ಹಾಕಿಕೊಳ್ಳುವಂತಿರಲಿಲ್ಲ. ಜೇಬಿನ ಶೀಶೆ, ಕುಂಚ ತೆಗೆದು ಡಾಕ್ಟರ ಮೇಜಿನ ಮೇಲೆ, ಸನ್ಮಾನದ ಫಲಕಗಳ ನಡುವೆ ಇಟ್ಟರು.

"ಈ ಹುಡ್ಗಿ ತೊಳದಿಟ್ಟು ಊಟಕ್ಕೆ ಹೋಗ್ತಿತ್ತು. ನಾ ಹಿಂದಿಂದ ಬಂದು ಎಣ್ಣಿ ಸವರ್ತಿದ್ದೆ. ಮೂರು ಮಂಗಳವಾರ. ಇದಕ್ಕೆ ಗೊತ್ತಿಲ್ಲ. ಎಣ್ಣಿ ರಬ್ಬರ್‌ಗೆ ಹತ್ತೈತೆ, ರಬ್ಬರಿಂದ ಕಾಲುವಿಗೆ ಇಳದೈತೆ. ನಾ ಮಾಡಿದ್ ತಪ್ಪು ಹ್ಯಾಂಗೂ ಮಾಡ್ದೆ. ಇಷ್ಟ್ ದೊಡ್ಡ ಆಫೀಸ್‌ನಾಗ ಅದನ್ನ ಹಿಡಿಯೋ ಗಂಡು ಒಬ್ಬ ಇಲ್ಲ ಅಂದ್ರೆ ಹೆಂಗ್ರಿ?"

ತನುಶ್ರೀ ನೋಟ್‌ಬುಕ್ಕು ತೆರೆದು ಮೂವತ್ತೆರಡನೆಯ ಕಾರಣ ಬರೆದುಕೊಂಡಳು. ಡಾಕ್ಟರು ನಕ್ಕರು. "ಹುಡುಗಿ ಮೇಲಿನ ಕನಿಕರಕ್ಕೆ ಹೇಳುತ್ತಿದ್ದಾರೆ ಮೇಡಂ. ಒಳ್ಳೇ ಮನುಷ್ಯ. ಇವರು ತಪ್ಪು ಮಾಡೋರೇ ಅಲ್ಲ."

ಜೀವಮಾನವಿಡೀ ಈ ಸರ್ಟಿಫಿಕೇಟಿಗಾಗಿ ಕಾದಿದ್ದ ಮೇಸ್ತ್ರಿಗೆ ಅದು ಸಿಕ್ಕಿದ್ದು ಹೀಗೆ! "ಮಾಡೀನಿ ಅಂತ ಹೇಳ್ತಾ ಇದ್ದೀನಲ್ರೀ!" ಎಂದು ಮೇಜು ಗುದ್ದಿದರು. "ಯಾಕ, ನಾ ತಪ್ಪು ಮಾಡಬಾರ್ದಾ?"

ಆಶಾರಾಣಿ ಶೀಶೆಯನ್ನು ಮೂಸಿ ನೋಡಿದರು. "ಜಗಳ ಯಾಕೆ? ಅರ್ಧ ಅಚ್ಚಿಗೆ ಎಣ್ಣೆ ಹಚ್ಚಿ, ಅರ್ಧ ಹಾಗೇ ಬಿಡಿ. ಒಂದು ಎರಕ ಮಾಡಿ. ಯಾವುದು ಸಾಯುತ್ತೆ ನೋಡೋಣ. ಅಲ್ಲೀವರೆಗೆ ಈ ಹುಡುಗಿಯನ್ನು ಬಿಡಿಸುವ ಹಾಗಿಲ್ಲ."

ಹಾಗೆ, ಎಲ್ಲರ ಕಣ್ಣೆದುರಿಗೆ, ಅಚ್ಚಿನ ಎಡಭಾಗದ ಎಂಟಕ್ಕೆ ಮೇಸ್ತ್ರಿ ತಮ್ಮ ಕೈಯಾರೆ ಎಣ್ಣೆ ಸವರಿದರು. ಬಲಭಾಗದ ಎಂಟನ್ನು ತನುಶ್ರೀ ತೊಳೆದಂತೆಯೇ ಬಿಟ್ಟರು.

ಅಲ್ಲಿಂದ ಮುಂದಿನ ದಿನಗಳಲ್ಲಿ ವರ್ಕ್‌ಶಾಪಿಗೆ ಬೀಗ. ಮೇಸ್ತ್ರಿ ದಿನಾ ಬಸ್ಸು. ತಮ್ಮ ಕೈಕೆಲಸ ಸೋಲಲಿ ಎಂದು ಹಾರೈಸಿಕೊಂಡು ಹೋಗುವ ಅನುಭವ ಅವರಿಗೆ ಹೊಸದು. ಮೊದಲ ದಿನ ಹದಿನಾರೂ ಬದುಕಿದ್ದವು. ಎರಡನೆಯ ದಿನವೂ ಬದುಕಿದ್ದವು.

"ಇನ್ನೂ ಸಾಯ್ಲಿಲ್ವೇನವ್ವ?" ಮೇಸ್ತ್ರಿ ಟೋಪಿ ಹಾಕಿಕೊಳ್ಳುತ್ತಲೇ ಕೇಳಿದರು.

"ಎಡಗಡೇವು ಒಂಚೂರು ಮಂಕಾಗ್ಯಾವೆ ರೀ."

"ಸಾಯ್ತಾವೆ, ಸಾಯ್ತಾವೆ. ನಾ ಹಚ್ಚಿದ್ ಎಣ್ಣಿ ಅದು."

ಡಾಕ್ಟರು ಬಾಗಿಲಲ್ಲಿ ಇಣುಕಿ, "ಏನೂ ಆಗಿಲ್ಲ ಅಲ್ಲವೇ? ನಾನು ಹೇಳಲಿಲ್ಲವೇ," ಎಂದು ಹೋಗುತ್ತಿದ್ದರು. ಮೇಸ್ತ್ರಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ತಪ್ಪು ಒಪ್ಪಿಕೊಂಡ ಮೇಲೆ ಅದು ತಮ್ಮದಲ್ಲ ಎಂದು ಸಾಬೀತಾಗಿಬಿಟ್ಟರೆ ಹುಡುಗಿಯೂ ಹೋಗುತ್ತಾಳೆ, ತಾವೂ ಊರಿಗೆಲ್ಲ ನಗೆಪಾಟಲು.

ಮೂರನೆಯ ದಿನ ತನುಶ್ರೀ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ ಪಕ್ಕಕ್ಕೆ ಸರಿದಳು. ಮೇಸ್ತ್ರಿ ಕಣ್ಣಿಟ್ಟರು. ಬಲಭಾಗದವು ಒಂದಕ್ಕೊಂದು ಒತ್ತಿ ಕೂತು, ನೆಲಕ್ಕೆ ಹಾಸಿದ ಕಲ್ಲಿನಂತೆ ಅಚ್ಚುಕಟ್ಟಾಗಿದ್ದವು. ಎಡಭಾಗದವು ಸುರುಟಿ, ಕಿತ್ತು, ನೀರಿನಲ್ಲಿ ತೇಲುತ್ತಿದ್ದವು. ಎಂಟಕ್ಕೆ ಎಂಟು.

"ಸತ್ವು!" ಎಂದು ಕೂಗಿದರು ಮೇಸ್ತ್ರಿ. "ಸತ್ವಲ್ಲವ್ವ! ಎಲ್ಲಾ ಸತ್ವು!"

ತನುಶ್ರೀ ನಗುತ್ತ ಅಲ್ಲೇ ಕೂತುಬಿಟ್ಟಳು. ಕಣ್ಣಲ್ಲಿ ನೀರಿತ್ತು, ಅದನ್ನು ಯಾವ ಪಟ್ಟಿಗೂ ಸೇರಿಸಲಿಲ್ಲ.

ಬಲಭಾಗದ ಎಂಟು ಹದಿನಾಲ್ಕು ದಿನ ದಾಟಿದವು. ಆಶಾರಾಣಿ ಮೇಡಂ ಬರೆದ ಕಾಗದದಲ್ಲಿ ಮೂರು ಸಾಲಿದ್ದವು: ಟೆಕ್ನಿಷಿಯನ್ನಿನ ತಪ್ಪಿಲ್ಲ, ಪರೀಕ್ಷೆ ಇದೇ ಟೆಕ್ನಿಷಿಯನ್ ನಡೆಸತಕ್ಕದ್ದು, ಅಚ್ಚಿನ ಬೀರುವಿನ ಕೀಲಿ ಅವಳ ಹತ್ತಿರವೇ ಇರತಕ್ಕದ್ದು. ಆನಗೋಡಿನ ಗಂಡಿಗೆ ಬೇರೆ ಕಡೆ ನೋಡಿಕೊಳ್ಳಲು ಹೇಳಲಾಯಿತು. ಡಾಕ್ಟರು ಎದೆಗುಂದಲಿಲ್ಲ, ಚಿಪ್ಪುಗಳಿಗೆ ಎಣ್ಣೆಯಿಂದಾಗುವ ಹಾನಿಯ ಬಗ್ಗೆ ತಾವು ನಡೆಸಿದ ಸಂಶೋಧನೆಯನ್ನು ಮುಂದಿನ ತಿಂಗಳ ಒಂದು ಸಮ್ಮೇಳನದಲ್ಲಿ ಮಂಡಿಸುವವರಿದ್ದರು. ಫ್ಲೆಕ್ಸಿಗೆ ಹೇಳಿಯೂ ಆಗಿತ್ತು.

ಕೊನೆಗೆ ಉಳಿದದ್ದು ತನುಶ್ರೀಯ ರಿಜಿಸ್ಟರು. ಸತ್ತ ಒಂದೊಂದು ಎರಕಕ್ಕೂ ಕಾರಣ ಬರೆದು ಸಂಬಂಧಪಟ್ಟವರ ಸಹಿ ಹಾಕಿಸಬೇಕು. ಮಂಗಳವಾರ ಬಂದ ಮೇಸ್ತ್ರಿಗೆ ಅವಳು ಪುಟ ತೆರೆದು ಪೆನ್ನು ಕೊಟ್ಟಳು. ಮೇಸ್ತ್ರಿ ಕನ್ನಡಕ ಏರಿಸಿ ಓದಿದರು. ಹೊರಗಿನ ವ್ಯಕ್ತಿಯೊಬ್ಬರು ಎಣ್ಣೆ ಹಚ್ಚಿದ್ದರಿಂದ ಎಂದಿತ್ತು.

"ಯಾರಿದು ಹೊರಗಿನ ವ್ಯಕ್ತಿ?"

"ನಿಮ್ಮ ಹೆಸ್ರು ಬರಿಯೋದು ಬ್ಯಾಡ ಅನ್ನಿಸ್ತು ರೀ ಮೇಸ್ತ್ರಿ. ಕಂಪನಿಯೋರೆಲ್ಲ ಓದ್ತಾರೆ."

"ಓದ್ಲಿ. ಬರಿ. ಕಲ್ಲಪ್ಪ, ಟೂಲ್ ರೂಮ್, ಹರಿಹರ. ಈ ಆಫೀಸಿನ ಕಾಗದದಾಗ ನನ್ ಹೆಸ್ರು ಬರೋದು ಇದೊಂದೇ ಸಲ."

ಅವಳು ಹೊಡೆದುಹಾಕಿ ಬರೆದಳು. ಮೇಸ್ತ್ರಿ ಸಹಿ ಮಾಡಿದರು, ಒಂದು, ಎರಡು, ಮೂರು. ಪೆನ್ನು ಮುಚ್ಚಿ ಕೊಟ್ಟವರು ಬಾಗಿಲವರೆಗೆ ಹೋಗಿ ತಡೆಯಲಾರದೆ ತಿರುಗಿ ಬಂದರು.

"ಇನ್ನೊಂದು ಸೇರ್ಸವ್ವ ಅದಕ್ಕೆ. ಎಷ್ಟು ದಪ್ಪ ಹಚ್ಚಿದ್ದೆ ಅಂತ. ಎರಡು ಮೈಕ್ರಾನ್. ಈ ತುದಿಯಿಂದ ಆ ತುದಿವರ್ಗೂ ಒಂದೇ ಸಮ."